ಉಡಿಯೊಳಗಿನ ಮೆಂಡಿ

"ನವೆಂಬರ್ ಹತ್ತು, ಭಾನುವಾರ. ಇಂಡಿ. ಮೆಂಡಿಕೋಟ್ ಸ್ಪರ್ಧೆ ಶುರು. ಹದಿನಾರು ಜೋಡಿ. ತಂಟೆ ಆರು, ತೀರ್ಪು ಆರು, ತೀರ್ಪಿಗೆ ತಕರಾರು ಏಳು."

ನನ್ನ ಹಳೆಯ ಡೈರಿಯಲ್ಲಿ ಆ ದಿನದ ಬರಹ ಇಷ್ಟೇ. ಏಳನೆಯ ತಕರಾರು ನಾನು ಇನ್ನೂ ಕೊಟ್ಟಿರದ ತೀರ್ಪಿನ ಮೇಲೆ. ನಮ್ಮ ಕಡೆ ನಾಲ್ವರು ಹೆಣ್ಣುಮಕ್ಕಳು ಇಸ್ಪೀಟು ಹಿಡಿದು ಕೂತರೆ ಇಂಥವು ಆಗುತ್ತಲೇ ಇರುತ್ತವೆ. ಆಗದ ದಿನ ಯಾರಿಗೋ ಮೈಯಲ್ಲಿ ಹುಷಾರಿಲ್ಲ ಎಂದು ತಿಳಿಯಬೇಕು.

ಆಟ ಸರಳ. ಎದುರುಬದುರು ಕೂತವರು ಜೋಡಿ, ಒಬ್ಬೊಬ್ಬರಿಗೆ ಹದಿಮೂರು ಎಲೆ. ಮೊದಲು ಬದಾಮ, ಅಂದರೆ ಕೆಂಪು ಹೃದಯದ ಎಲೆ, ಬಿದ್ದರೆ ಎಲ್ಲರೂ ಬದಾಮವನ್ನೇ ಹಾಕಬೇಕು. ಬದಾಮ ಇಲ್ಲದವರು ಮಾತ್ರ ಹುಕುಮ್, ಅಂದರೆ ಎಲ್ಲವನ್ನೂ ಮೀರುವ ತುರುಫಿನ ಎಲೆ, ಹಾಕಿ ಹೊಡೆಯಬಹುದು. ಹತ್ತರ ಎಲೆಗೆ ಮೆಂಡಿ ಎನ್ನುತ್ತಾರೆ. ನಾಲ್ಕು ಮೆಂಡಿಗಳಲ್ಲಿ ಮೂರು ಗೆದ್ದವರಿಗೆ ಆಟ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರು ಸ್ಪರ್ಧೆಗೆ ಬರುತ್ತಾರೆ. ಹಣದ ಮಾತಿಲ್ಲ, ಗೆದ್ದ ಜೋಡಿಗೆ ಒಂದೊಂದು ಇಳಕಲ್ ಸೀರೆ. ಒಂದು ಸೀರೆಗೆ ಇಷ್ಟು ಜಗಳವೇ ಎಂದು ಕೇಳುವವರು ಗಂಡಸರು.

ಒಂಬತ್ತು ವರ್ಷಗಳಿಂದ ಇದರ ಪಂಚಗಿರಿ ನನ್ನದು. ತಂಟೆ ಬಂದರೆ ತೀರ್ಪು ಕೊಡುವವಳು ನಾನೇ. ನಾನು ಬಿ.ಎ. ಪ್ರಥಮ ದರ್ಜೆ. ನಲವತ್ತೊಂದು ನಿಯಮ ಬರೆದು, ಝೆರಾಕ್ಸ್ ಮಾಡಿಸಿ ಹಂಚಿದ್ದೇನೆ. ಓದಿದವರು ಯಾರೂ ಇಲ್ಲ, ಆದರೆ ಎಲ್ಲರೂ ಅದರ ಮೇಲೆ ಚಹಾದ ಕಪ್ಪು ಇಟ್ಟಿದ್ದಾರೆ.

ನನ್ನ ಮೈದುನರು ನಿವೃತ್ತ ಹೆಡ್ಮಾಸ್ತರು. ಪ್ರತಿ ವರ್ಷ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತು, "ವೈನಿ, ಹೆಣ್ಣುಮಕ್ಕಳ ಜಗಳಕ್ಕ ಗಂಡಸು ಪಂಚ ಬೇಕ್ರಿ" ಎನ್ನುತ್ತಿದ್ದರು. ಆ ವರ್ಷ ಎಲ್ಲರನ್ನೂ ಒಪ್ಪಿಸಿಯೂ ಬಿಟ್ಟರು. ನಾಲ್ಕು ಭಾನುವಾರ, ನಾಲ್ಕು ಊರು. ನೋಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೈಯೆತ್ತಿ ನನ್ನ ಒಂದೇ ಒಂದು ತೀರ್ಪು ತಿರುಗಿಸಿದರೂ ಪಂಚಗಿರಿ ಅವರದು.

ಇಂಡಿ: ಮೂಗಿನ ಮೇಲಿನ ಸೊಳ್ಳೆ

ಆಡುವಾಗ ಜೋಡಿಗಳು ಮಾತಾಡಬಾರದು. ಚಡಚಣದಿಂದ ಬಂದ ಅತ್ತೆ-ಸೊಸೆ ಮಾತಾಡಲೇ ಇಲ್ಲ. ಅತ್ತೆ ತಾಳಿ ಮುಟ್ಟಿದರೆ ಸೊಸೆ ಹುಕುಮ್ ಹಾಕುತ್ತಿದ್ದಳು, ಬಳೆ ಸರಿಸಿದರೆ ಚೌಕಟ, ಮೂಗುತಿ ತಿರುವಿದರೆ ಬದಾಮ. ಮನೆಯಲ್ಲಿ ಸಾರಿಗೆ ಉಪ್ಪು ಎಷ್ಟು ಎಂಬುದಕ್ಕೂ ಒಮ್ಮತವಿಲ್ಲದವರು ಇಲ್ಲಿ ಇಷ್ಟು ಹೊಂದಿಕೊಂಡದ್ದೇ ಎಲ್ಲರಿಗೂ ಸಂಶಯ ತರಿಸಿತು. ಎದುರಾಳಿ ತಕರಾರು ಎತ್ತಿದಳು. ಆಟ ಮುಗಿಯುವವರೆಗೆ ಇವರಿಬ್ಬರೂ ಒಡವೆ ಮುಟ್ಟುವಂತಿಲ್ಲ ಎಂದು ನಾನು ತೀರ್ಪು ಕೊಟ್ಟೆ.

ಹತ್ತು ನಿಮಿಷದಲ್ಲಿ ಅತ್ತೆ ಮುಖ ಕಿವುಚತೊಡಗಿದರು.

"ಪಂಚರ, ಮೂಗಿನ ಮ್ಯಾಲ ಸೊಳ್ಳಿ ಕುಂತೈತ್ರಿ. ಹೊಡಕೊಳ್ಳೇನ್ರಿ?"

"ಬ್ಯಾಡ್ರಿ!" ಎದುರಾಳಿ ಕೂಗಿದಳು. "ಸೊಳ್ಳಿ ನೆವಾ ಮಾಡಿ ಮೂಗುತಿ ಮುಟ್ಟತಾರ್ರಿ ಇವ್ರು."

"ಹಂಗಾರ ಅದು ನನ್ನ ರಕ್ತ ಕುಡಕೋತ ಕುಂದರ್ಲೇನು?"

ಮೈದುನರು ಕುರ್ಚಿಯಿಂದ ಅರ್ಧ ಎದ್ದರು. ನಾನು ಗಡಬಡಿಸಲಿಲ್ಲ. ಸೊಳ್ಳೆಯನ್ನು ಎದುರಾಳಿಯೇ ಹೊಡೆಯತಕ್ಕದ್ದು ಎಂದೆ. ಆಕೆ ಬಹಳ ಶ್ರದ್ಧೆಯಿಂದ ಹೊಡೆದಳು. ಸೊಳ್ಳೆ ಹಾರಿಹೋಯಿತು. ಆ ದಿನ ನನ್ನ ತೀರ್ಪಿಗೆ ತಕರಾರು ಹೇಳದೆ ಹೋದದ್ದು ಅದೊಂದೇ.

ಸಿಂದಗಿ: ವಿಚಾರ ಮಾಡುವವರು

ಸಿಂದಗಿಯಲ್ಲಿ ಆಟ ನಡೆದದ್ದು ನನ್ನ ಬೀಗತಿಯ ಮನೆಯಲ್ಲಿ. ಅಂದರೆ ನನ್ನ ಮಗಳ ಅತ್ತೆಯ ಮನೆಯಲ್ಲಿ. ನಾನು ತಗ್ಗಿ ನಡೆಯಬೇಕಾದ ಮನುಷ್ಯರು ಈ ಜಗತ್ತಿನಲ್ಲಿ ಅವರೊಬ್ಬರೇ. ಅವರ ಜೋಡಿಯಾಗಿ ಕೂತವರು ಎಂಬತ್ತು ದಾಟಿದ ಅವರ ಸೋದರತ್ತೆ. ಕಣ್ಣಿನ ಆಪರೇಶನ್ ಆಗಿ ಕರಿ ಚಾಳೀಸು ಹಾಕಿಕೊಂಡಿದ್ದರು.

ಸೋದರತ್ತೆಯ ಸರದಿ ಬಂತು. ಐದು ನಿಮಿಷ ಆಯಿತು, ಎಲೆ ಬೀಳಲಿಲ್ಲ. ಹತ್ತು ನಿಮಿಷ ಆಯಿತು.

"ವಿಚಾರ ಮಾಡಾಕತ್ತಾರ್ರಿ," ಎಂದರು ಬೀಗತಿ.

ಕಾಲು ಗಂಟೆಗೆ ವಿಚಾರ ಮಾಡುವವರ ಮೂಗಿನಿಂದ ಗೊರಕೆ ಬಂತು. ಪಕ್ಕದವರು ಭುಜ ಅಲುಗಿಸಿದರು. ಅಜ್ಜಿ ಬೆಚ್ಚಿಬಿದ್ದು, ಕೈಗೆ ಸಿಕ್ಕ ಎಲೆಯನ್ನು ರಪ್ಪನೆ ಹಾಕಿದರು. ಹುಕುಮಿನ ಎಕ್ಕ! ಬಿದ್ದದ್ದು ತಮ್ಮದೇ ಜೋಡಿ ಬೀಗತಿ ಆಗಲೇ ಗೆದ್ದಿದ್ದ ರಾಜನ ಮೇಲೆ; ದೊಡ್ಡ ಎಲೆ ದಂಡವಾಯಿತು.

"ಇದು ಲೆಕ್ಕಕ್ಕಿಲ್ರಿ," ಬೀಗತಿ ನನ್ನ ಕಡೆ ತಿರುಗಿದರು. "ನಿದ್ದಿಗಣ್ಣಾಗ ಹಾಕಿದ್ದು. ಎತಕೊಳ್ಲಿ ಅನ್ರಿ. ಬೀಗರಾಗಿ ಇಷ್ಟೂ ಮಾಡಂಗಿಲ್ಲೇನು?"

ಒಳಗಿನಿಂದ ಮಗಳು ನನಗಷ್ಟೇ ಕಾಣುವಂತೆ ಕೈ ಮುಗಿದಳು. ಮೈದುನರು ಎಣಿಸಲು ಸುಲಭವಾಗಲೆಂದು ಜನರನ್ನು ಸಾಲಾಗಿ ಕೂಡಿಸತೊಡಗಿದರು.

"ಬೀಗತ್ಯಾರ, ಪೂರಾ ಎಚ್ಚರಿದ್ದು ಇದಕ್ಕಿಂತ ಕೆಟ್ಟ ಎಲಿ ಹಾಕಿದವರನ್ನ ನಾ ಒಂಬತ್ತು ವರ್ಷದಿಂದ ಒಪ್ಪಿಕೊಂಡು ಬಂದೇನಿ," ಎಂದೆ. ಎಲೆ ಬಿದ್ದಲ್ಲೇ ಉಳಿಯಿತು. ಆದರೂ ಅವರ ಜೋಡಿಯೇ ಗೆದ್ದಿತು. ಎದುರಿನವರು ಇಬ್ಬರೂ ಎಚ್ಚರವಾಗಿದ್ದರು ನೋಡಿ.

ಮುದ್ದೇಬಿಹಾಳ: ಪಾಲಕರ ಸಭೆ

ಮುದ್ದೇಬಿಹಾಳದಲ್ಲಿ ಮೈದುನರ ಮನೆ. ನಾನು ಕೈಕಾಲು ತೊಳೆಯಲು ಹಿತ್ತಲಿಗೆ ಹೋದ ಐದು ನಿಮಿಷದಲ್ಲಿ ಅವರು ಪಂಚರಾಗಿಬಿಟ್ಟಿದ್ದರು. ಅವರ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ತನ್ನ ತಂಗಿಯ ಜೋಡಿಯಾಗಿ ಆಡುತ್ತಿದ್ದಳು. ಕೈಯಿಂದ ಒಂದು ಎಲೆ ಜಾರಿ ಎಲ್ಲರಿಗೂ ಕಂಡಿತು. ಸಣ್ಣ ತಪ್ಪು, ಆ ಎಲೆಯನ್ನೇ ಮುಂದೆ ಹಾಕಿದರೆ ಮುಗಿಯಿತು. ಮೈದುನರು ಮೂವತ್ತು ವರ್ಷದ ಶಾಲೆಯ ದನಿ ತೆಗೆದರು.

"ಎದ್ದು ನಿಂದ್ರು. ನಿನ್ನ ಆಟ ಬಂದ್. ನಾಳಿ ಪಾಲಕರನ್ನ ಕರಕೊಂಡು ಬಾ."

ನೆಗೆಣ್ಣಿ ಎದ್ದಳು. ಬಹಳ ಶಾಂತವಾಗಿ ಎದ್ದಳು.

"ಕರಕೊಂಡು ಬರ್ತೇನ್ರಿ. ಅವ್ವ ಅಪ್ಪ ಇರೂದು ತಂಗಡಗ್ಯಾಗ. ಹೋಗಿ ಬರೂದು ಸಂಜಿ ಆಗತೈತಿ. ಒಲಿ ಆರಿಸಿ ಹೊಂಡತೇನಿ."

ಒಲೆಯ ಮೇಲೆ ಮೂವತ್ತು ಮಂದಿಯ ಎಣ್ಣೆಗಾಯಿ ಅರ್ಧ ಬೆಂದಿತ್ತು. ಒಲೆ ಆರಿತು. ಪಾತ್ರೆಯ ಕುದಿ ನಿಲ್ಲುವ ಮೊದಲೇ ತೀರ್ಪು ತಿರುಗಿತು. ನಾನು ಬಂದಾಗ ಮೈದುನರು ತಾವೇ ಒಲೆ ಹಚ್ಚುತ್ತಿದ್ದರು.

"ಒಂದು ತೀರ್ಪು ತಿರುಗಿದ್ರ ಪಂಚಗಿರಿ ಹೋಗತೈತಿ ಅಂದಿದ್ರಲ್ಲ?" ಎಂದೆ.

"ಅದು ನಿಮಗ ವೈನಿ," ಎಂದರು ಕಡ್ಡಿ ಗೀರುತ್ತ. "ನನಗ ಇನ್ನೂ ಕೊಟ್ಟs ಇಲ್ಲಲ್ಲ, ಹೋಗೂದೇನು?"

ಬಸವನ ಬಾಗೇವಾಡಿ, ಮತ್ತು ಅಲ್ಲಿಂದ ಮುಂದೆ

ಕೊನೆಯ ಆಟ. ಒಂದು ಕಡೆ ಬೀಗತಿ ಮತ್ತು ಸೋದರತ್ತೆ, ಇನ್ನೊಂದು ಕಡೆ ನೆಗೆಣ್ಣಿ ಮತ್ತು ಅವಳ ತಂಗಿ. ನಡುವೆ ಬದಾಮ ಬಿದ್ದಾಗ ಬೀಗತಿ, "ನನ್ನ ಹಂತೇಕ ಬದಾಮ ಇಲ್ರಿ," ಎಂದು ಹುಕುಮ್ ಹಾಕಿ ನೆಗೆಣ್ಣಿಯ ಮೆಂಡಿಯನ್ನು ಹೊಡೆದುಕೊಂಡರು. ಈಗ ಬೀಗತಿಯ ಕಡೆ ಎರಡು ಮೆಂಡಿ, ನೆಗೆಣ್ಣಿಯ ಕಡೆ ಒಂದು. ಎಲ್ಲರ ಕೈಯಲ್ಲೂ ಎರಡೆರಡೇ ಎಲೆ. ನಾಲ್ಕನೆಯ ಮೆಂಡಿ ಯಾರ ಹತ್ತಿರ ಇದೆ ಎಂದು ಸುತ್ತ ಕೂತವರು ಉಸಿರು ಹಿಡಿದಿದ್ದರು.

ಆ ಹೊತ್ತಿಗೆ ಆಟ ನಡೆದಿದ್ದ ಮನೆಯ ಒಡತಿ ಮಡಿಲು ತುಂಬಲು ಉಡಿಯ ತಾಟು ಹಿಡಿದು ಬಂದಳು. ಸಿಂದಗಿ ಬಸ್ಸಿಗೆ ಹೊತ್ತಾಗುತ್ತದೆ, ಬೀಗರು ಬರಿ ಉಡಿಯಲ್ಲಿ ಹೋಗಬಾರದು ಎಂಬ ಕಾಳಜಿ. ಬೀಗತಿ ಸೆರಗು ಹರವಬೇಕು. ಅದಕ್ಕೆ ಎರಡೂ ಕೈ ಬೇಕು. ಎಲೆಗಳನ್ನು ನೆಲಕ್ಕಿಟ್ಟರೆ ಆಡಿದಂತೆ ಎಂಬುದು ನನ್ನದೇ ಹದಿನೇಳನೆಯ ನಿಯಮ. ಹಾಗಾಗಿ ಅವರು ಎರಡೂ ಎಲೆಗಳನ್ನು ಸೆರಗಿನಲ್ಲೇ ಬೋರಲು ಹಾಕಿಕೊಂಡು ಹರವಿದರು. ಐದು ಬೊಗಸೆ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಕುಪ್ಪಸದ ಖಣ, ಅರಿಶಿಣದ ಕೊಂಬು, ಎಲ್ಲ ಅದರ ಮೇಲೆ ಬಿತ್ತು. ಉಡಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿದ ಮೇಲೆ ಬೀಗತಿಗೆ ನೆನಪಾಯಿತು.

"ಅಯ್ಯ! ಎಲಿ ಉಡ್ಯಾಗ ಹ್ವಾದುವಲ್ರಿ."

"ತಗದು ಆಡ್ರಿ ಮತ್ತ," ಎಂದಳು ನೆಗೆಣ್ಣಿ.

"ತುಂಬಿದ ಉಡಿ ಮಂದಿ ಮನ್ಯಾಗ ಬಿಚ್ಚತಾರೇನ? ನಮ್ಮ ಮನಿ ದೇವರ ಜಗಲಿ ಮುಂದ ಬಿಚ್ಚಬೇಕು."

"ನಮ್ಮನ್ಯಾಗ ಉಡಿ ಬಿಚ್ಚಿದ್ರ ನಾ ಬದುಕಿದ್ದೂ ಸತ್ತಂಗ," ಎಂದು ಮನೆಯೊಡತಿ ಕಣ್ಣಿಗೆ ಸೆರಗು ಹಚ್ಚಿದಳು.

"ಹಂಗಾರ ಎಲಿ ಇಲ್ಲದಾಕಿ ಸೋತಂಗ," ಎಂದಳು ನೆಗೆಣ್ಣಿಯ ತಂಗಿ.

ಮೈದುನರು ಪೂರ್ತಿ ಎದ್ದು ನಿಂತರು. ಉಡಿ ಬಿಚ್ಚಿಸಿದರೆ ಅರ್ಧ ಮನೆ ಕೈ ಎತ್ತುತ್ತಿತ್ತು, ಬೀಗತಿ ಸೋತರೆಂದರೆ ಉಳಿದರ್ಧ; ಅದರ ಮೇಲೆ ಒಂದೇ ಕೈ ಹೆಚ್ಚಾದರೂ ಪಂಚಗಿರಿ ಹೋದಂತೆ. ನಲವತ್ತೊಂದು ನಿಯಮಗಳಲ್ಲಿ ಉಡಿಯ ಪ್ರಸ್ತಾಪ ಇರಲಿಲ್ಲ.

"ಆಟ ನಿಂತಿಲ್ಲ," ಎಂದೆ. "ಜಾಗಾ ಬದಲಾತು, ಅಷ್ಟs. ಎಲ್ಲಾರೂ ಸಿಂದಗಿಗಿ ನಡೀರಿ. ಎಲಿ ಕೈಯಾಗ ಮುಚ್ಚಿ ಹಿಡೀರಿ, ಯಾರಿಗೂ ತೋರಸಬ್ಯಾಡ್ರಿ."

ಯಾರೂ ಕೈ ಎತ್ತಲಿಲ್ಲ. ಎತ್ತಲು ಏನಿದೆ ಎಂದು ಅವರಿಗೆ ತಿಳಿಯಲಿಲ್ಲ.

ಮೂರು ಗಂಟೆಯ ಬಸ್ಸಿನಲ್ಲಿ ಆರು ಜನ ಹೋದೆವು. ಹೆಂಗಸರ ಪುಕ್ಕಟೆ ಟಿಕೆಟ್ಟಿಗೆ ಕಂಡಕ್ಟರ್ ಆಧಾರ್ ಕಾರ್ಡ್ ಕೇಳಿದಾಗ ನೆಗೆಣ್ಣಿ, "ಒಂದು ಕೈಯಾಗ ಎಲಿ ಅದಾವ, ಇನ್ನೊಂದ ಕೈಲೆ ಸೀಟ ಹಿಡದೇನಿ, ಪರ್ಸ ಹೆಂಗ ತಗೀಲೆಪಾ?" ಎಂದಳು. "ಎಲಿ ಕೆಳಗ ಇಡ್ರಿ," ಎಂದ ಅವನು. ನಾಲ್ಕು ಬಾಯಿ ಒಟ್ಟಿಗೆ ಹದಿನೇಳನೆಯ ನಿಯಮ ಹೇಳಿದವು. ಒಂಬತ್ತು ವರ್ಷದಲ್ಲಿ ಮೊದಲ ಸಲ ಯಾರೋ ನನ್ನ ನಿಯಮ ಓದಿದ್ದಾರೆ ಎಂದು ಗೊತ್ತಾಯಿತು. ಕಂಡಕ್ಟರ್ ಆಧಾರ್ ಕಾರ್ಡ್ ನೋಡದೆಯೇ ಹೆಂಗಸರಿಗೆಲ್ಲ ಪುಕ್ಕಟೆ ಟಿಕೆಟ್ ಹರಿದು ಕೊಟ್ಟ. ರೊಕ್ಕ ಕೊಟ್ಟು ಟಿಕೆಟ್ ತಗೊಂಡವರು ಮೈದುನರೊಬ್ಬರೇ.

ಸಿಂದಗಿಯಲ್ಲಿ ಮಗಳು ದೇವರ ಜಗಲಿ ಮುಂದೆ ದೀಪ ಹಚ್ಚಿದಳು. ಬೀಗತಿ ಮಣೆಯ ಮೇಲೆ ಕೂತು ತಾಟಿನಲ್ಲಿ ಉಡಿ ಬಿಚ್ಚಿದರು. ಅಕ್ಕಿಯೊಳಗಿಂದ ಮೊದಲು ಬಂದದ್ದು ಕಿಲಾವರದ ಮೆಂಡಿ.

"ನೋಡ್ರಿ! ಇದರ ಮ್ಯಾಲಿನ ಎಲಿ ಎಲ್ಲಾ ಹೋಗ್ಯಾವು, ಮೂರು ಆದುವು!" ಬೀಗತಿ ದೇವರಿಗೆ ಕೈ ಮುಗಿದರು.

ಆಮೇಲೆ ತೆಂಗಿನಕಾಯಿ ಎತ್ತಿದರು. ಕೆಳಗೆ ಅರಿಶಿಣ ಹತ್ತಿದ ಇನ್ನೊಂದು ಎಲೆ ಇತ್ತು. ಬದಾಮದ ಪಂಜಿ, ಅಂದರೆ ಐದರ ಎಲೆ.

ಬದಾಮ ಇಲ್ಲವೆಂದು ಹುಕುಮ್ ಹಾಕಿದವರ ಉಡಿಯಲ್ಲಿ ಬದಾಮ. ಇದ್ದದ್ದನ್ನು ಇಲ್ಲವೆಂದವರು ಆಟ ಸೋತಂತೆ. ಇದು ಮೂರನೆಯ ನಿಯಮ, ದಪ್ಪ ಅಕ್ಷರದಲ್ಲಿದೆ. ಎಲ್ಲರೂ ತಾಟಿನ ಮೇಲೆ ಬಗ್ಗಿದರು. ಸೋದರತ್ತೆ ಕೂಡ ಎಚ್ಚರವಾಗಿದ್ದರು.

"ಉಡ್ಯಾಗ ಬಂದದ್ದು ಪ್ರಸಾದ್ರಿ," ಎಂದರು ಬೀಗತಿ. "ಅದನ್ನ ಎಲಿ ಅಂತ ಎಣಸಬಾರ್ದು."

"ಹಂಗಾರ ಮೆಂಡೀನೂ ಪ್ರಸಾದನ ಆತಲ್ರಿ," ಎಂದೆ.

ಮಗಳು ದೀಪದ ಹಿಂದಿನಿಂದ ಬೇಡ, ಬೇಡ ಎಂದು ತಲೆ ಅಲ್ಲಾಡಿಸಿದಳು. ಮೈದುನರು ಮಾತ್ರ ಜೀವನದಲ್ಲಿ ಮೊದಲ ಬಾರಿಗೆ, "ವೈನಿ, ನೀವು ಏನು ಹೇಳ್ತೀರೋ ಅದs ಸರಿ," ಎಂದರು. ಗೆಲ್ಲುವವಳು ಅವರ ಹೆಂಡತಿ.

ಆಟ ಮುದ್ದೇಬಿಹಾಳದವರದು ಎಂದು ತೀರ್ಪು ಕೊಟ್ಟೆ. ಬೀಗತಿ ಎಲ್ಲರಿಗೂ ಚಹಾ ಮಾಡಿಸಿದರು. ನನ್ನ ಚಹಾದಲ್ಲಿ ಸಕ್ಕರೆ ಇರಲಿಲ್ಲ, ನಾನೂ ಕೇಳಲಿಲ್ಲ.

ಪಂಚಗಿರಿ ನನ್ನಲ್ಲೇ ಉಳಿಯಿತು. ಅದಕ್ಕೆ ಆದ ಖರ್ಚು ಇಷ್ಟು: ಮೈದುನರ ಬಸ್ ಟಿಕೆಟ್, ಹೋಗುವಾಗ ಒಂದು, ಬರುವಾಗ ಒಂದು. ಮತ್ತೆ ಎಳ್ಳ ಅಮಾವಾಸ್ಯೆಗೆ ನಾನು ಸಿಂದಗಿಗೆ ಒಂದು ಸ್ಟೀಲಿನ ಡಬ್ಬಿ ತುಂಬ ಶೇಂಗಾ ಹೋಳಿಗೆ ಕಳಿಸಿದ್ದೆ. ಬಂದ ಡಬ್ಬಿಯನ್ನು ನಮ್ಮ ಕಡೆ ಯಾರೂ ಬರಿದಾಗಿ ತಿರುಗಿಸುವುದಿಲ್ಲ. ಮೂರನೆಯ ದಿನ ಮಗಳ ಕೈಯಲ್ಲಿ ಡಬ್ಬಿ ವಾಪಸ್ ಬಂತು. ಚೊಕ್ಕಟವಾಗಿ ತೊಳೆದು, ಒರೆಸಿ, ಖಾಲಿ.