ಗಾಳಿ ತಾಗದ ಜಾಡಿ

ದಿನವಿಡೀ ಕಂಡವರ ಟೈರಿಗೆ ಗಾಳಿ ತುಂಬಿ ಹೊಟ್ಟೆ ಹೊರೆಯುವ ಮನುಷ್ಯ, ಮನೆಗೆ ಬಂದು ಅದೇ ಗಾಳಿಯನ್ನು ಹಗೆಯೆಂದು ಶಪಿಸಿದರೆ ಅದಕ್ಕಿಂತ ದೊಡ್ಡ ಕೃತಘ್ನತೆ ಉಂಟೇ? ಪಂಚರ್ ಅಂಗಡಿಯ ಯಜಮಾನ ಮಾಡಿದ್ದು ಅದನ್ನೇ. ಹಿತ್ತಲಿನ ದ್ರಾಕ್ಷಿ ಹಿಂಡಿ, ಹುದುಗಿಸಿ, ಸೋಸಿ, ಮೆಟ್ಟಿಲ ಕೆಳಗಿನ ಕತ್ತಲಲ್ಲಿ ದೊಡ್ಡ ಗಾಜಿನ ಜಾಡಿಗೆ ಕಂಬಳಿ ಹೊದಿಸಿ ವೈನ್ ಮಾಗಲು ಇಟ್ಟ ದಿನದಿಂದ, ಮನೆಯವರು ಅತ್ತ ಉಸಿರು ಬಿಟ್ಟರೂ ಅವನಿಗೆ ಆಗುತ್ತಿರಲಿಲ್ಲ.

"ವೈನ್ ಕೆಡೋದೇ ಗಾಳಿಯಿಂದ ಕಣೇ. ಜಾಡಿ ಕಂಠದವರೆಗೂ ತುಂಬಿರ್ಬೇಕು. ಒಂದು ಲೋಟ ತೆಗೆದ್ರೆ ಆ ಜಾಗಕ್ಕೆ ಗಾಳಿ ಬಂದು ಕೂತ್ಬಿಡುತ್ತೆ."

"ಕರೀದೇ ಬಂದು ಕೂರೋಕೆ ಅದೇನು ನಿಮ್ಮ ತಮ್ಮನೇ?" ಎಂದಳು ಹೆಂಡತಿ.

ಆದರೆ ಜಾಡಿ ಪೂರ್ತಿ ತುಂಬಿರಲಿಲ್ಲ. ಅವನು ಗಾಜಿನ ಗೋಲಿಗಳನ್ನು ಕುದಿಸಿ ಒಂದೊಂದಾಗಿ ಒಳಗೆ ಬಿಟ್ಟ. ಗೋಲಿ ತಳಕ್ಕಿಳಿದಂತೆ ವೈನ್ ಕಂಠಕ್ಕೇರಿತು. ಪಕ್ಕದಲ್ಲೇ ಕೂತಿದ್ದ ಮಾವ (ಹೆಂಡತಿಯ ತಂದೆ, ಗಡಿಯಾರ ರಿಪೇರಿ ಮಾಡಿ ಬೆನ್ನು ಬಾಗಿದವರು, ಈಗ ಉಬ್ಬಸದಿಂದ ಮಗಳ ಮನೆ ಸೇರಿದವರು) ಕಣ್ಣರಳಿಸಿ ನೋಡಿದರು.

"ಅಳಿಯಂದಿರೇ, ಒಂದೇ ಒಂದು ಗುಟುಕು..."

"ಇನ್ನೂ ಆಗಿಲ್ಲ ಮಾವ. ನಿಮ್ಮ ಹುಟ್ಟಿದ ದಿನ ತೆಗೀತೀನಿ. ಮೊದಲ ಲೋಟ ನಿಮ್ಗೇ."

"ಅಲ್ಲೀತನಕ ನನ್ನ ಉಸಿರಿಗೆ ಬಿರಡೆ ಹಾಕೋರು ಯಾರಪ್ಪಾ?" ಎಂದು ಅವರು ನಕ್ಕರು. ನಕ್ಕದ್ದಕ್ಕೆ ಕೆಮ್ಮು ಬಂತು.

ಅಂದಿನಿಂದ ಅಳಿಯ ದಿನಾ ಬೆಳಿಗ್ಗೆ ಟಾರ್ಚ್ ಹಿಡಿದು ಕಂಠ ಪರೀಕ್ಷೆ ಮಾಡುತ್ತಿದ್ದ. ವೈನ್ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಈ ಘನ ಸಾಧನೆಯನ್ನು ಕೇಳದೆ ಯಾರೂ ಟ್ಯೂಬು ರಿಪೇರಿ ಮಾಡಿಸಿಕೊಂಡು ಹೋಗುವಂತಿರಲಿಲ್ಲ. ನಡುವೆ ಹೆಂಡತಿ ಹೂದಾನಿಗೆ ಗೋಲಿ ಬೇಕೆಂದಳು, ತಂದುಕೊಟ್ಟ. ಮತ್ತೆ ಬೇಕೆಂದಳು, ಗೊಣಗುತ್ತಾ ಮತ್ತೆ ಚೀಲ ಹೊತ್ತು ತಂದ. (ಮನೆಯಲ್ಲಿ ಇದ್ದದ್ದು ಒಂದೇ ಹೂದಾನಿ. ಗಂಡಸರಿಗೆ ಇಂಥವೆಲ್ಲ ಎಲ್ಲಿ ಕಾಣಬೇಕು!) ಗೋಡೆಗೆ ಬಣ್ಣ ಹೊಡೆಯುವಾಗ ಜಾಡಿಯನ್ನು ಸರಿಸಲು ಹೋಗಿ ಸೊಂಟ ಹಿಡಿದುಕೊಂಡ.

"ನೋಡಿದ್ಯಾ, ವಯಸ್ಸಾದ ಹಾಗೆ ವೈನಿಗೆ ತೂಕ ಬರುತ್ತೆ!" ಎಂದು ನರಳುತ್ತಲೇ ಬೀಗಿದ.

ಹುಟ್ಟಿದ ದಿನಕ್ಕೆ ಮುಂಚೆಯೇ ಮಾವ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಲ್ಲಿ ಕೊಟ್ಟ ಅವರ ಅಂಗಿಯ ಜೇಬಿನಲ್ಲಿ ಮೂರು ಗೋಲಿಗಳಿದ್ದವು.

"ಕೊನೆಗಾಲದಲ್ಲಿ ಮಗು ಆಗ್ಬಿಟ್ಟಿದ್ರು ಕಣೇ," ಎಂದು ಅವನು ಬಿಕ್ಕಿದ. ಹೆಂಡತಿ ಅಳುತ್ತಲೇ ಆ ಗೋಲಿಗಳನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡಳು.

ಆಮೇಲೆ ಅವನಿಗೆ ಅನ್ನ ಸೇರಲಿಲ್ಲ. ಟೈರಿನಿಂದ ಗಾಳಿ ಬುಸ್ಸೆಂದರೆ ಮಾವನ ಉಬ್ಬಸವೇ ಕೇಳಿದಂತಾಗುತ್ತಿತ್ತು. ಸಾಯುವ ಮನುಷ್ಯ ಬಾಯಿಬಿಟ್ಟು ಕೇಳಿದ್ದು ಒಂದು ಗುಟುಕು. ಅದನ್ನೂ ಕೊಡದ ತಾನು ಎಂಥ ಪಾಪಿ ಎಂದು ಒಳಗೊಳಗೇ ಬೆಂದ. ಕೊಟ್ಟ ಮಾತನ್ನಾದರೂ ಉಳಿಸಿಕೊಳ್ಳಬೇಕೆಂದು, ಆ ಹುಟ್ಟಿದ ದಿನ ನೆಂಟರನ್ನು ಕರೆದು, ಮಾವನ ಫೋಟೋದ ಮುಂದೆ ಖಾಲಿ ಲೋಟ ಇಟ್ಟು, ತಮ್ಮನ ಸಹಾಯದಿಂದ ಜಾಡಿ ಬಗ್ಗಿಸಿದ.

ಗಲಗಲ ಸದ್ದಾಯಿತು. ಅರ್ಧ ಲೋಟ ಬೀಳುವಷ್ಟರಲ್ಲಿ ಕಂಠಕ್ಕೆ ಏನೋ ಅಡ್ಡ ಸಿಕ್ಕಿ ನಿಂತುಹೋಯಿತು. ಕಂಬಳಿ ಕಿತ್ತು ನೋಡಿದರೆ ತಳದಿಂದ ಕಂಠದವರೆಗೂ ಬರೀ ಗೋಲಿ! ಬಿದ್ದದ್ದರಲ್ಲಿ ಬೆರಳು ಅದ್ದಿ ರುಚಿ ನೋಡಿದ ತಮ್ಮ, "ಅಣ್ಣಾ, ಇದು ವಿನೆಗರ್ರು," ಎಂದ.

"ನಿಮ್ಮಪ್ಪ..." ಎನ್ನುತ್ತಾ ಅವನು ಹೆಂಡತಿಯತ್ತ ತಿರುಗಿದ.

"ಹೌದು ರೀ. ಮಧ್ಯಾಹ್ನ ನೀವು ಅಂಗಡೀಲಿದ್ದಾಗ ದಿನಾ ಬಿರಡೆ ತೆಗೆದು ನಳಿಗೆ ಹಾಕಿ ಹೀರ್ತಿದ್ರು. ಮಟ್ಟ ಇಳಿದ್ರೆ ಅಳಿಯಂದಿರು ನೊಂದ್ಕೋತಾರೆ ಅಂತ ಕುಡಿದಷ್ಟಕ್ಕೂ ಗೋಲಿ ಹಾಕ್ತಿದ್ರು."

"ಅಷ್ಟೊಂದು ಗೋಲಿ ತಂದ್ಕೊಟ್ಟೋರು ಯಾರು?"

"ನೀವೇ."

ಅವನು ಜಾಡಿಯ ಪಕ್ಕದಲ್ಲೇ ಕೂತ. ಸಣ್ಣ ದನಿಯಲ್ಲಿ ಕೇಳಿದ, "ಹೇಗಿತ್ತಂತೆ?"

"ಬಲು ಚೆನ್ನಾಗಿದೆ, ಆದ್ರೆ ಬೇಗ ಮುಗಿಸ್ಬೇಕು, ಇಟ್ರೆ ಕೆಡುತ್ತೆ ಅಂತಿದ್ರು."

ಅವನಿಗೆ ನಗು ಬಂತೋ ಅಳು ಬಂತೋ, ಕಣ್ಣಲ್ಲಂತೂ ನೀರು ಬಂತು. ಜಾಡಿಯ ಬಾಯಿಂದ ಒಂದು ಗೋಲಿ ತೆಗೆದು ಬಾಯಿಗೆ ಹಾಕಿಕೊಂಡ. ಹಲ್ಲು ಚಳಿಯುವಷ್ಟು ಹುಳಿ. ಆದರೂ ಉಗುಳದೆ, ಫೋಟೋ ನೋಡುತ್ತಾ ಚೀಪತೊಡಗಿದ.

"ನುಂಗ್ಬಿಟ್ಟೀರಿ, ಜೋಕೆ," ಎಂದಳು ಹೆಂಡತಿ.