ಕೆರೆಬೆಟ್ಟಿನ ಜಲ್ಲಿ ರಸ್ತೆ

ಎಲ್ಲ ತಾಪತ್ರಯಕ್ಕೂ ಮೂಲ ಜಲಜನ ಹಿಡಿಸೂಡಿ.

ಶನಿವಾರ ಬೆಳಿಗ್ಗೆ ಆರು ಗಂಟೆಗೆ ಹಾಲಿನ ಪಾತ್ರೆ ಹಿಡಿದು ಗೇಟು ತೆರೆದ ಚಂದಯ್ಯನವರು ರಸ್ತೆಯನ್ನು ನೋಡಿ ಅಲ್ಲೇ ನಿಂತುಬಿಟ್ಟರು. ಕೆರೆಯ ಸುತ್ತ ಹೋಗುವ ಆ ಜಲ್ಲಿ ರಸ್ತೆ ಹೆಣ್ಣು ನೋಡಲು ಹೊರಟ ಹುಡುಗನ ತಲೆಯ ಹಾಗೆ ನೀಟಾಗಿ ಬಾಚಿಕೊಂಡಿತ್ತು. ಒಂದು ತರಗೆಲೆ ಇಲ್ಲ. ಒಂದು ಹೊಂಡ ಇಲ್ಲ. ವರ್ಷಗಳಿಂದ ಬಾಯಿ ತೆರೆದುಕೊಂಡಿದ್ದ ಹೊಂಡಗಳಿಗೆಲ್ಲ ಕೆಂಪು ಮಣ್ಣು ತುಂಬಿ, ಮೇಲೆ ನೀರು ಚಿಮುಕಿಸಿ, ನೆರೆಮನೆಯ ಜಲಜನ ಗೇಟಿನೆದುರು ಒಂದು ರಂಗೋಲಿಯೂ ಬಿದ್ದಿತ್ತು.

ಬೇರೆ ಯಾರಾದರೂ ಆಗಿದ್ದರೆ ಸಂತೋಷಪಡುತ್ತಿದ್ದರು. ಚಂದಯ್ಯನವರಿಂದ ಅದಾಗಲಿಲ್ಲ. ಆ ರಸ್ತೆ ಎಷ್ಟು ಕೆಟ್ಟಿದೆ ಎಂದು ನೋಡಲು ಅವತ್ತೇ ಇಂಜಿನಿಯರು ಬರುವವರಿದ್ದರು.

ಕೆರೆಬೆಟ್ಟು, ಬ್ರಹ್ಮಾವರದಿಂದ ಬಾರ್ಕೂರಿನ ಕಡೆಗೆ ಹೋಗುವಾಗ ಒಳಗೆ ತಿರುಗಿದರೆ ಸಿಗುವ ಊರು. ನಡುವೆ ದೊಡ್ಡ ಕೆರೆ. ಒಂದು ದಂಡೆಯಲ್ಲಿ ಮಾಡು ಕುಸಿದ ಹಳೆಯ ಬಸದಿ, ಇನ್ನೊಂದರಲ್ಲಿ ಎರಡು ವೀರಗಲ್ಲು. ಯಾವ ರಾಜನೋ ಕೊರೆಸಿದ ಶಾಸನದ ಕಲ್ಲು ಕೂಡ ಇದೆ. ಊರಿನವರು ಅದಕ್ಕೆ ಆಡು ಕಟ್ಟುತ್ತಾರೆ. ಡಾಮರು ಹಾಕುವ ಮೊದಲು ಜಲ್ಲಿ ಹಾಕುವುದು ಕ್ರಮ. ಒಂಬತ್ತು ವರ್ಷದ ಹಿಂದೆ ಗುತ್ತಿಗೆದಾರನೊಬ್ಬ ಬಂದು ಜಲ್ಲಿ ಹಾಕಿ ಹೋಗಿದ್ದ. ಡಾಮರಿಗೆ ಬರಲಿಲ್ಲ.

ಮುಂಬೈಯಲ್ಲಿ ಮೂವತ್ತು ವರ್ಷ ಕ್ಯಾಂಟೀನು ನಡೆಸಿ ಊರಿಗೆ ಮರಳಿದ ಚಂದಯ್ಯನವರಿಗೆ ಈ ಡಾಮರು ಬೇಕಾಗಿದ್ದದ್ದು ಶೋಕಿಗಲ್ಲ. ಹೆಂಡತಿ ಕುಸುಮಾವತಿಯವರ ಮೊಣಕಾಲು ಕೆಟ್ಟಿತ್ತು. ವಾರಕ್ಕೆ ಮೂರು ಸಲ ಬ್ರಹ್ಮಾವರಕ್ಕೆ ಹೋಗಿ ಫಿಸಿಯೋ ಮಾಡಿಸಿಕೊಳ್ಳಬೇಕು. ಆಟೋ ಇಟ್ಟುಕೊಂಡ ರತೀಶ ಪಕ್ಕದಲ್ಲೇ ಇದ್ದರೂ ಜಲ್ಲಿಗೆ ಗಾಡಿ ಇಳಿಸುವುದಿಲ್ಲ, ದೊಡ್ಡ ರಸ್ತೆಯಲ್ಲೇ ನಿಲ್ಲಿಸಿ ನಡೆದು ಬರುತ್ತಾನೆ. ಅವನಿಗೆ ಅವನ ಟಯರಿನ ಚಿಂತೆ. ಹಾಗಾಗಿ ಕುಸುಮಾವತಿಯವರು ಕೋಲು ಊರಿಕೊಂಡು ಬಸ್ಸಿನವರೆಗೆ ನಡೆಯುತ್ತಿದ್ದರು. ಫಿಸಿಯೋದವಳು ಸರಿ ಮಾಡಿ ಕಳಿಸಿದ ಕಾಲನ್ನು ಮನೆ ಮುಟ್ಟುವುದರೊಳಗೆ ಜಲ್ಲಿ ಮೊದಲಿನಂತೆ ಮಾಡಿಕೊಡುತ್ತಿತ್ತು.

ಊರಿನ ಅರ್ಜಿಗೆ ಬಂದ ಕಚೇರಿಯ ಕಾಗದ ಸ್ಪಷ್ಟವಾಗಿತ್ತು. ಶನಿವಾರ ಪೂರ್ವಾಹ್ನ ಸ್ಥಳ ಪರಿಶೀಲನೆ. ರಸ್ತೆ ಹಾಳಾಗಿರುವುದು ಕಂಡುಬಂದರೆ ಡಾಮರು, ಇಲ್ಲದಿದ್ದರೆ ಕಡತ ಮುಕ್ತಾಯ. ಸರಕಾರದ ಪೂರ್ವಾಹ್ನ ಹನ್ನೊಂದಕ್ಕೆ ಶುರುವಾಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ.

“ಎಂತ ಜಲಜ ಇದ್?” ಎಂದರು ಚಂದಯ್ಯನವರು, ಸತ್ತ ಸ್ವರದಲ್ಲಿ.

“ಚೆಂದ ಆಯ್ತಾ ಚಂದಯ್ಯಣ್ಣ?” ರಂಗೋಲಿಯ ಬದಿ ಇನ್ನೂ ಗುಡಿಸುತ್ತಿದ್ದ ಜಲಜ ಹಿಡಿಸೂಡಿ ಬಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡು ನಕ್ಕಳು. “ದೊಡ್ಡೋರ್ ಬತ್ರ್ ಅಂದ್ರೆ ಗುಡ್ಸ್ದೇ ಇಪ್ಪುಕಾತ್ತಾ? ಊರಿನ್ ಮರ್ಯಾದಿ ಅಲ್ದಾ.”

“ಅವ್ರ್ ಬಪ್ದೇ ಹೊಂಡ ಕಾಂಬುಕೆ ಮರಾಯ್ತಿ. ಇನ್ ಎಂತ ತೋರ್ಸುದ್ ನಾನ್?”

“ಹೊಂಡ ಇದ್ದಿತ್ ಅಂದ್ ಬಾಯಂಗೆ ಹೇಳಿ. ನಂಬುದಿಲ್ಯಾ ಅವ್ರ್?”

ಹಿಂದಿನ ಸಂಜೆ ಚಂದಯ್ಯನವರು ಬೀಜಾಡಿಯ ತಂಗಿಯ ಮನೆಗೆ ಹೋಗಿದ್ದಾಗ ಊರಿಗೆ ಊರೇ ಸೇರಿ ಈ ಉಪಕಾರ ಮಾಡಿತ್ತು. ಹೆಂಗಸರು ಗುಡಿಸಿದ್ದರು. ರತೀಶ ಮಣ್ಣು ಹೊತ್ತಿದ್ದ. ಕಡೇ ಬಸ್ಸಿಗೆ ಬಂದ ಚಂದಯ್ಯನವರು ಕತ್ತಲಲ್ಲಿ ಒಂದು ಸಲವೂ ಎಡವದೆ ಮನೆ ಸೇರಿ, ಅದರ ಶ್ರೇಯಸ್ಸನ್ನೆಲ್ಲ ಹೊಸ ಚಪ್ಪಲಿಗೆ ಕೊಟ್ಟಿದ್ದರು.

ಈಗ ಉಳಿದದ್ದು ಒಂದೇ ದಾರಿ. ಅವರು ಹಾಲಿನ ಪಾತ್ರೆ ಇಟ್ಟು ಪಿಕ್ಕಾಸು ತೆಗೆದುಕೊಂಡರು. ಹೊಂಡಗಳ ಜಾಗ ಹುಡುಕಬೇಕಾಗಿರಲಿಲ್ಲ. ನೆಂಟರ ಮನೆಗಳ ಹಾಗೆ ಎಲ್ಲವೂ ಬಾಯಿಪಾಠ. ತಿರುವಿನಲ್ಲಿ ಮೊಸರಿನ ಕುಡಿಕೆ ಒಡೆದ ಹೊಂಡ. ವೀರಗಲ್ಲಿನ ಎದುರು ಕುಸುಮಾವತಿಯವರನ್ನು ಎರಡು ತಿಂಗಳು ಮಲಗಿಸಿದ ಹೊಂಡ. ಬೆವರು ಸುರಿಸಿ ನಾಲ್ಕನ್ನು ತೆಗೆದು ಐದನೆಯದಕ್ಕೆ ಪಿಕ್ಕಾಸು ಎತ್ತಿದಾಗ ಎದುರಿಗೆ ನಾಲ್ಕು ಸೈಕಲ್ಲುಗಳು ಬಂದು ನಿಂತವು.

ಸೈಕಲ್ಲಿಗೆ ಮೊಪೆಡಿನಷ್ಟು ದಪ್ಪ ಟಯರು, ಸವಾರರಿಗೆ ತಲೆಯ ಮೇಲೆ ಕುಂಬಳಕಾಯಿ ಹೋಳಿನಂಥ ಟೋಪಿ. ಮುಂದಿದ್ದವಳು ನಲವತ್ತರ ಆಸುಪಾಸಿನ ಹೆಂಗಸು. ಹೆಸರು ಪ್ರಣೀತಾ ಎಂದು ತಾನೇ ಹೇಳಿಕೊಂಡಳು. ಅವಳ ಹಿಂದಿನ ಚಕ್ರ ಜಲ್ಲಿಗೆ ಸಿಕ್ಕಿ ಪಂಕ್ಚರ್ ಆಗಿತ್ತು. ಆದರೂ ಮುಖದಲ್ಲಿ ನಗು.

“ಇಷ್ಟು ಬೆಳಿಗ್ಗೆ ಪಿಕ್ಕಾಸು ಹಿಡ್ಕೊಂಡು ಎಂತ ಮಾಡ್ತಿದ್ದೀರಿ?” ಎಂದು ಕೇಳಿದಳು.

ಒಳ್ಳೆಯ ರಸ್ತೆಯನ್ನು ಅಗೆದು ಹಾಳು ಮಾಡುತ್ತಿದ್ದೇನೆ ಎಂದು ಪರಊರಿನವರ ಎದುರು ಹೇಳುವುದು ಹೇಗೆ? “ಹೊಂಡ ಬಿದ್ದಿತ್... ಸಮ ಮಾಡ್ತಾ ಇದ್ದೆ” ಎಂದರು ಚಂದಯ್ಯನವರು. ಸರಕಾರದವರು ಮಾಡುವುದಿಲ್ಲವೇ ಎಂದು ಅವಳು ಮತ್ತೆ ಕೇಳಿದಾಗ, ಮೊದಲ ಸುಳ್ಳಿಗೆ ಊರುಗೋಲಾಗಿ ಎರಡನೆಯದೂ ಬಂತು: “ನಮ್ ರಸ್ತಿ ನಾವೇ ಕಾಣ್ಕ್ ಅಲ್ದಾ.”

ಪ್ರಣೀತಾ ಅವರ ಅಂಗೈ ಹಿಡಿದು ನೋಡಿದಳು. ಬೊಬ್ಬೆ ಎದ್ದಿತ್ತು. ಅವಳು ಪಿಕ್ಕಾಸನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿ ಪಕ್ಕಕ್ಕಿಟ್ಟಳು. ನಾಲ್ವರೂ ಸೈಕಲ್ಲು ಒರಗಿಸಿ, ಕೈಯಲ್ಲೇ ಮಣ್ಣು ಬಾಚಿ, ಕಾಲಲ್ಲಿ ಮೆಟ್ಟಿ, ಕಾಲು ಗಂಟೆಯೊಳಗೆ ಚಂದಯ್ಯನವರ ನಾಲ್ಕು ಹೊಂಡಗಳನ್ನೂ ಮುಚ್ಚಿಬಿಟ್ಟರು. ಇಷ್ಟು ಒಳ್ಳೆಯ ಜನರನ್ನು ಬೈಯುವುದಾದರೂ ಹೇಗೆ? ಚಂದಯ್ಯನವರು ನಾಲ್ಕು ಸಲ ಉಪಕಾರವಾಯಿತು ಎಂದರು, ಹೊಂಡಕ್ಕೊಂದರಂತೆ.

ಅಷ್ಟರಲ್ಲಿ ಕುಸುಮಾವತಿಯವರು ಜಗಲಿಯಿಂದ ಕರೆದಾಗಿತ್ತು. “ಹ್ವಾಯ್, ಆ ಮಕ್ಕಳ್ನ ಬಿಸ್ಲಂಗೆ ನಿಲ್ಸ್ಕಂಡ್ ಎಂತ ಮಾಡ್ತ್ರಿ? ಒಳಗ್ ಕರ್ಕಂಡ್ ಬನಿ.” ಬೆಲ್ಲ ನೀರು ಬಂತು, ಹಿಂದೆಯೇ ನೀರ್‌ದೋಸೆ. ಪಂಕ್ಚರಿಗೆ ತೇಪೆ ಹಾಕುತ್ತ ಒಬ್ಬ ಹೇಳಿದ: ಈಗ ಸೈಕಲ್ಲಿನವರಿಗೆ ಡಾಮರು ಬೇಡವಂತೆ. ಇಂಥ ಜಲ್ಲಿ ದಾರಿ ಹುಡುಕಿಕೊಂಡು ಊರೂರು ತಿರುಗುತ್ತಾರಂತೆ. ಅದರಲ್ಲೂ ಕೆರೆಯ ದಂಡೆ, ಪಕ್ಕದಲ್ಲಿ ಹಳೆಯ ಬಸದಿ ಎಂದರೆ ಬಿಡುವುದೇ ಇಲ್ಲವಂತೆ. ಮನೆಯೆದುರು ಡಾಮರು ಇರುವವರಿಗೆ ಏನೇನು ಆಸೆ ಹುಟ್ಟುತ್ತದೆ ಎಂದು ಚಂದಯ್ಯನವರು ಒಳಗೊಳಗೇ ಅಂದುಕೊಂಡರು.

“ಅಮ್ಮ, ಈ ರಸ್ತೆಯಲ್ಲಿ ನಡೀಲಿಕ್ಕೆ ನಿಮಗೆ ಕಷ್ಟ ಆಗುದಿಲ್ವಾ?” ಎಂದು ಪ್ರಣೀತಾ ಕೇಳಿದಳು.

ಕುಸುಮಾವತಿಯವರ ಕೋಲು ಬಾಗಿಲ ಹಿಂದಿತ್ತು. ನೆಂಟರು ಬಂದರೆಂದು ಅವರೇ ಅಲ್ಲಿ ಸರಿಸಿಟ್ಟಿದ್ದರು. ಉಣ್ಣಲು ಕೂತವರಿಗೆ ನಮ್ಮ ಕಷ್ಟ ಬಡಿಸಬಾರದು ಎಂದು ಅವರ ಅತ್ತೆ ಕಲಿಸಿದ್ದರು, ಅತ್ತೆಗೆ ಅವರ ಅತ್ತೆ.

“ಎಂತ ಕಷ್ಟ ಮಗಾ? ಅಡ್ಡಿಲ್ಲ. ನೀನ್ ಇನ್ನೊಂದ್ ದೋಸಿ ಹಾಕ್ಕೊ.”

ಗಡಿಯಾರ ಎಂಟು ದಾಟಿತ್ತು. ಇವರು ಹೊರಟರೆ ಸಾಕಾಗಿದ್ದ ಚಂದಯ್ಯನವರು ತಾವೂ ಸೇರಿಸಿದರು: “ರಸ್ತಿ ಫಸ್ಟ್ ಕ್ಲಾಸ್. ಬಿಸ್ಲ್ ಏರುದ್ರೊಳಗೆ ನೀವ್ ಹೊರಡಿನಿ.”

ಅವರು ಹೊರಟರು. ಶಾಸನದ ಕಲ್ಲಿನ ಬಳಿ ಪ್ರಣೀತಾ ಇಳಿದು, ಆಡಿನ ಹಗ್ಗ ಬಿಚ್ಚಿ, ಹುಲ್ಲೂ ನೆರಳೂ ಇದ್ದ ಕಡೆ ಕಟ್ಟಿ ಹೋದದ್ದನ್ನು ಕುಸುಮಾವತಿಯವರು ಜಗಲಿಯಿಂದ ನೋಡಿ, ಒಳ್ಳೆಯ ಮನೆಯ ಹುಡುಗಿ ಎಂದರು. ಚಂದಯ್ಯನವರಿಗೆ ಅದನ್ನು ಕೇಳಲು ಪುರುಸೊತ್ತಿರಲಿಲ್ಲ. ಅವರು ಮತ್ತೆ ಅಗೆಯುತ್ತಿದ್ದರು.

ಈ ಸಲ ಜಲಜ ನೋಡಿಬಿಟ್ಟಳು. ತಾನು ಸೊಂಟ ಮುರಿದು ಗುಡಿಸಿದ ರಸ್ತೆಯನ್ನು ಈ ಮನುಷ್ಯ ಹಂದಿಯ ಹಾಗೆ ಅಗೆಯುತ್ತಿರುವುದು ಯಾಕೆಂದು ಅವಳು ಕೆರೆಯ ಆಚೆ ದಡಕ್ಕೂ ಕೇಳುವಂತೆ ವಿಚಾರಿಸಿದಳು. ಜನ ಸೇರಿತು. ಚಂದಯ್ಯನವರಿಗೆ ತಲೆ ಕೆಟ್ಟಿದೆ ಎಂದು ಕೆಲವರು, ಮುಂಬೈಯಲ್ಲಿದ್ದವರೆಲ್ಲ ಹೀಗೆಯೇ ಎಂದು ಕೆಲವರು. ಕೊನೆಗೆ ಚಂದಯ್ಯನವರು ಕಚೇರಿಯ ಕಾಗದ ತೋರಿಸಿದ ಮೇಲೆ ರತೀಶನೇ ತೀರ್ಪು ಕೊಟ್ಟ: “ಹೊಂಡ ಇಲ್ದಿದ್ರೆ ಟಾರ್ ಇಲ್ಲ ಅಂದ್ರೆ, ಹೊಂಡ ಮಾಡುವ. ತುಂಬ್ಸಿದ್ ನಾವೇ, ತೆಗುಕೆ ಎಷ್ಟ್ ಹೊತ್ತ್?” ಹಿಂದಿನ ಸಂಜೆ ಮಣ್ಣು ಹೊತ್ತ ಬುಟ್ಟಿಗಳಲ್ಲೇ ಮಣ್ಣು ವಾಪಸು ಹೊರಬಿತ್ತು. ಜಲಜ ಮುಖ ಊದಿಸಿಕೊಂಡೇ ಎರಡು ಬುಟ್ಟಿ ತರಗೆಲೆಯನ್ನು ತಂದು ಮತ್ತೆ ಹರಡಿದಳು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ರಸ್ತೆ ತನ್ನ ಮೊದಲಿನ ದುರವಸ್ಥೆಗಿಂತ ತುಸು ಹೆಚ್ಚೇ ಕೆಟ್ಟು, ನೋಡಿದರೆ ಕಣ್ಣೀರು ಬರುವಂತಿತ್ತು.

ಹನ್ನೊಂದಕ್ಕೆ ಸರಿಯಾಗಿ ಸರಕಾರಿ ಜೀಪು ಬಂದು ಮೊದಲ ಹೊಂಡಕ್ಕೇ ಮುಂದಿನ ಚಕ್ರ ಇಳಿಸಿ ನಿಂತಿತು. ಊರಿನವರ ಮುಖ ಅರಳಿತು. ಬಿಳಿ ಅಂಗಿ, ತುಂಬಿದ ಹೊಟ್ಟೆ, ಕಂಕುಳಲ್ಲಿ ಫೈಲು, ಇಂಜಿನಿಯರು ಹೇಗಿರಬೇಕೋ ಹಾಗೆಯೇ ಇದ್ದ ಒಬ್ಬರು ಇಳಿದರು. ಇಳಿದದ್ದು ಸ್ಟಿಯರಿಂಗ್ ಇರುವ ಕಡೆಯಿಂದ. ಈಗಿನ ಸಾಹೇಬರು ತಾವೇ ಓಡಿಸುತ್ತಾರೆ ಎಂದು ರತೀಶ ಎಲ್ಲರಿಗೂ ವಿವರಿಸಿದ.

ಸಾಹೇಬರು ಬಾಯಿ ತೆರೆಯುವುದರೊಳಗೆ ಅದಕ್ಕೆ ಬೊಂಡದ ಎಳನೀರು ಬಿತ್ತು. ಮೂರು ಬೊಂಡ, ಆಮೇಲೆ ಆರು ದೋಸೆ. ನಂತರ ಚಂದಯ್ಯನವರು ಅವರನ್ನು ಹೊಂಡದಿಂದ ಹೊಂಡಕ್ಕೆ ಯಾತ್ರೆ ಮಾಡಿಸಿದರು. ಪ್ರತಿಯೊಂದರ ಚರಿತ್ರೆಯನ್ನೂ ಹೇಳಿದರು. ಹೆಂಡತಿಗೆ ನಡೆದು ತೋರಿಸು ಎಂದಾಗ ಕುಸುಮಾವತಿಯವರು ನಾಚಿಕೆಯಿಂದ ಒಲ್ಲೆನೆಂದರು. ಗಂಡನ ಮುಖ ನೋಡಿ ಕೊನೆಗೆ ಹೆಜ್ಜೆ ಇಟ್ಟರು. ನಾಲ್ಕನೆಯ ಹೆಜ್ಜೆಗೆ ಜಲ್ಲಿ ಜಾರಿತು, ತೋರಿಸಲಿಕ್ಕಲ್ಲ, ನಿಜವಾಗಿಯೇ. ಜಲಜ ಸಿಟ್ಟು ಮರೆತು ಓಡಿ ಬಂದು ಹಿಡಿದಳು. ಬಂದವರು ಕೂಡ ಫೈಲು ಕೆಳಗೆ ಹಾಕಿ, ಕುಸುಮಾವತಿಯವರನ್ನು ಜೀಪಿನ ಸೀಟಿನಲ್ಲಿ ಕೂರಿಸಿ, ತಮ್ಮ ಬಾಟಲಿಯ ನೀರು ಕೊಟ್ಟರು. ತಮ್ಮ ಅಮ್ಮನಿಗೂ ಹೀಗೆಯೇ ಮೊಣಕಾಲು ನೋವು ಎಂದರು. ಅವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು.

ಒಂಬತ್ತು ವರ್ಷದಲ್ಲಿ ಇಷ್ಟು ಕನಿಕರದ ಅಧಿಕಾರಿಯನ್ನು ಚಂದಯ್ಯನವರು ಕಂಡಿರಲಿಲ್ಲ. “ಅದನ್ನೇ ಬರ್ದ್ಬಿಡಿ ಸರ್” ಎಂದು ಕೈ ಮುಗಿದರು.

“ನಾನ್ ಎಂತ ಬರಿಯುದ್?” ಎಂದರು ಬಂದವರು. “ನಾನ್ ಡ್ರೈವರ್ ದೇವು. ಇಂಜಿನಿಯರ್ ಮೇಡಮ್ ಬೆಳಿಗ್ಗೆಯೇ ಸೈಕಲ್ಲಂಗ್ ಬಂದ್ ಕಂಡ್ಕಂಡ್ ಹೋಯ್ರಲೆ. ಒಂಬತ್ತೂವರೆಗೇ ವರದಿ ಟೈಪ್ ಮಾಡ್ಸಿ, ನಿಮ್ಮ ಕೈಯಂಗೆ ಕೊಟ್ ಬಾ ಅಂದ್ರ್. ಹೇಳುವ ಅಂದ್ರೆ ನೀವ್ ಬೊಂಡ ಕೊಟ್ರಿ.”

ಚಂದಯ್ಯನವರು ಕಾಗದ ಓದಿದರು. ಮೊದಲ ಸಾಲಿಗೇ ಅದನ್ನು ರತೀಶನ ಕೈಗೆ ಕೊಟ್ಟರು, ಅವನು ಗಟ್ಟಿಯಾಗಿ ಓದಿದ. ರಸ್ತೆಯಲ್ಲಿ ಮುಚ್ಚದೆ ಉಳಿದ ಹೊಂಡಗಳು ಕಂಡುಬಂದಿರುವುದಿಲ್ಲ. ನಡೆದಾಡಲು ಕಷ್ಟವಿಲ್ಲವೆಂದು ಸ್ಥಳೀಯ ಹಿರಿಯ ಮಹಿಳೆಯೂ, ರಸ್ತೆಯು ಪ್ರಥಮ ದರ್ಜೆಯದೆಂದು ಅವರ ಪತಿಯೂ ಸ್ವಯಂಪ್ರೇರಿತರಾಗಿ ತಿಳಿಸಿರುತ್ತಾರೆ. ಕೆರೆ, ಬಸದಿ, ವೀರಗಲ್ಲುಗಳನ್ನು ಸುತ್ತುವ ಈ ದಾರಿಯನ್ನು ಸೈಕಲ್ ಸವಾರರಿಗಾಗಿ ಜಲ್ಲಿಯಾಗಿಯೇ ಉಳಿಸತಕ್ಕದ್ದು. ಡಾಮರಿನ ಕಡತ ಮುಕ್ತಾಯ. ಮುಂಜಾನೆ ಸ್ವಂತ ಶ್ರಮದಿಂದ ರಸ್ತೆ ದುರಸ್ತಿ ಮಾಡುತ್ತಿದ್ದ ಶ್ರೀ ಚಂದಯ್ಯನವರನ್ನು ಇದರ ಗೌರವ ನಿರ್ವಾಹಕರನ್ನಾಗಿ ನೇಮಿಸಲಾಗಿದೆ. ಕೊನೆಗೆ ಕೈಬರಹದಲ್ಲಿ ಎರಡು ಸಾಲು: ‘ಅಮ್ಮನ ದೋಸೆ ಮರೆಯುವುದಿಲ್ಲ. ಮುಂದಿನ ಶನಿವಾರ ಹದಿನೈದು ಜನ ಬರುತ್ತೇವೆ.’

ದೇವು ಜೀಪಿನ ಹಿಂದಿನಿಂದ ಹೊಸ ಪಿಕ್ಕಾಸು, ಎರಡು ಬುಟ್ಟಿ ಇಳಿಸಿ, ಸಹಿ ಹಾಕಿಸಿಕೊಂಡ. ಊರಿನವರು ಚಕ್ರವನ್ನು ಹೊಂಡದಿಂದ ಎತ್ತಿ ಕೊಟ್ಟು, ಚಂದಯ್ಯನವರಿಗೆ ಸರಕಾರಿ ಹುದ್ದೆ ಸಿಕ್ಕಿತೆಂದು ಮಾತಾಡಿಕೊಳ್ಳುತ್ತ ಮನೆಗೆ ಹೋದರು.

ಎರಡು ಗಂಟೆಗೆ ಕುಸುಮಾವತಿಯವರಿಗೆ ಫಿಸಿಯೋ ಇತ್ತು. ಬಸ್ಸು ಹಿಡಿಯಲು ಕೋಲು ಊರಿಕೊಂಡು ಹೊರಟವರು ಗೇಟಿನಾಚೆ ಹತ್ತು ಹೆಜ್ಜೆ ಹೋಗಿ ನಿಂತರು. ಹಿಂದೆ ಬರುತ್ತಿದ್ದ ಗಂಡನನ್ನು ತಿರುಗಿ ನೋಡಿದರು. ಅವರ ಮುಖ ಕಂಡು, ಬೈಯಬೇಕೆಂದಿದ್ದ ಮಾತು ನುಂಗಿಕೊಂಡರು.

“ಹ್ವಾಯ್, ಈ ಕಲ್ಲೊಂದ್ ಬದಿಗೆ ಹಾಕಿನಿ” ಎಂದರು ಮೆಲ್ಲಗೆ. “ಇನ್ ಬೇರೆ ಯಾರ್ ಹತ್ರ ಹೇಳುದ್?”

ಗೌರವ ನಿರ್ವಾಹಕರು ಬಗ್ಗಿ ಕಲ್ಲು ತೆಗೆದರು. ಅದರಾಚೆ ಇನ್ನೊಂದಿತ್ತು.