ಪ್ಯಾಕಿಂಗಮ್ಮ ಪಾಸ್ ಮಾಡಿದ ಸೀಸೆ

ಬೆಳಗ್ಗೆ ಎಂಟಕ್ಕೆ ಗಾಜಿನ ಕಾರ್ಖಾನೆಯ ಹಿಂಬದಿಯಲ್ಲಿ ಒಡಕು ಗಾಜನ್ನು ಲಾರಿಯಿಂದ ಸುರಿದ ಸದ್ದು ಕೇಳಿಸಿತು. ಝಲ್ಲೆಂದು ಶುರುವಾಗಿ, ಸರಸರನೆ ಜಾರಿ, ಕೊನೆಗೆ ಒಂಟಿ ಚೂರೊಂದು ಟಿಣ್ ಎಂದು ಬಿದ್ದು ನಿಲ್ಲುವ ಸದ್ದು. ಆ ಬೀದಿಯಲ್ಲಿ ಗಾಜು ಒಡೆದರೆ ಯಾರೂ ತಿರುಗಿ ನೋಡುವುದಿಲ್ಲ. ಒಡೆಯದಿದ್ದರೆ ಮಾತ್ರ ಕಾರ್ಖಾನೆಗೆ ಏನಾಯಿತೋ ಎಂದು ಬಾಗಿಲಿಗೆ ಬರುತ್ತಾರೆ.

ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ಬೀದಿಗೆಲ್ಲ ಪ್ಯಾಕಿಂಗಮ್ಮನೆಂದೇ ಹೆಸರಾದವರು ಅಡುಗೆಮನೆಯಲ್ಲಿ ತೋಳು ಮಡಚಿ ಸೊಸೆಗೆ ಘೋಷಿಸಿದರು:

“ಮಧ್ಯಾಹ್ನದ ಊಟಕ್ಕೆ ಮುಂಚೆ ಈ ಸೀಸೆ ಬಿರಡೆ ತೆಗೆದು ನಿನ್ನ ಕೈಗೆ ಕೊಡದಿದ್ರೆ, ನಾನು ಫ್ಯಾಕ್ಟರೀಲಿ ದುಡಿದಿದ್ದೇ ಸುಳ್ಳು ಅಂದ್ಕೋ.”

“ಮೂವತ್ತೆಂಟು ವರ್ಷದಿಂದ ಬರದ್ದು ಇವತ್ತು ಬರುತ್ತಾ ಅತ್ತೆ?”

“ಇಷ್ಟು ದಿನ ನಾನು ಮನಸ್ಸು ಮಾಡಿರಲಿಲ್ಲ.”

ಇದು ಶುದ್ಧ ಸುಳ್ಳು. ಮದುವೆಯಾದ ವಾರದಿಂದಲೂ ಅವರು ಮನಸ್ಸು ಮಾಡುತ್ತಲೇ ಇದ್ದರು.

ಅಂಗೈಯಲ್ಲಿ ಕೂರುವ ಸ್ಫಟಿಕದ ಸೆಂಟಿನ ಸೀಸೆ ಅದು. ಪ್ಯಾಕಿಂಗಮ್ಮನ ಮಾವ ಕೊಳವೆಗೆ ಬಾಯಿಟ್ಟು ಊದಿದ್ದು; ಭಾವ ಚಕ್ರಕ್ಕೆ ಹಿಡಿದು ಮೈತುಂಬ ಗೆರೆ ಕೊರೆದದ್ದು; ಗಂಡ, ಅಂದರೆ ಸಾಣೆ ಮೇಸ್ತ್ರಿಗಳು, ಅದರ ಕತ್ತಿಗೆ ಗಾಜಿನ ಬಿರಡೆಯನ್ನು ಸಾಣೆ ಹಿಡಿದು ಕೂರಿಸಿದ್ದು. ಒಂದು ಸೀಸೆಯ ಬಿರಡೆ ಇನ್ನೊಂದಕ್ಕೆ ಆಗಿಬರುವುದಿಲ್ಲ. ಕತ್ತಿನ ಮೇಲೂ ಬಿರಡೆಯ ಮೇಲೂ ಒಂದೇ ಸಂಖ್ಯೆ ಗೀರಿರುತ್ತಾರೆ. ಪಳಗಿದ ಕೈ ಕೂದಲೆಳೆಯಷ್ಟು ಸಡಿಲ ಬಿಟ್ಟು ಸಾಣೆ ನಿಲ್ಲಿಸುತ್ತದೆ. ಆದರೆ ಮೇಸ್ತ್ರಿಗಳು ಆಗ ಹೊಸ ಮದುಮಗ. ಎಲ್ಲಿ ನಿಲ್ಲಿಸಬೇಕೆಂದು ಕೈಗೆ ತಿಳಿದಿತ್ತು, ಮನಸ್ಸಿಗೆ ತಿಳಿಯಲಿಲ್ಲ. ಸೆಂಟು ತುಂಬಿಸಿ, ಬಿರಡೆ ಒತ್ತಿ, ಹೆಂಡತಿಯ ಕೈಗಿಟ್ಟರು. ಬಿರಡೆ ಕೂತಿತು. ಕೂತಿತು ಎಂದರೆ, ಕೂತೇ ಬಿಟ್ಟಿತು.

ಅಂದೇ ಹೇಳಿಬಿಡಬಹುದಿತ್ತು. ಆದರೆ ಸಾಣೆ ಶೆಡ್ಡಿನಲ್ಲೊಂದು ನಿಯಮ: ಬಿರಡೆ ತೆರೆಯದ ಸೀಸೆಯನ್ನು ಮಾಡಿದವನೇ ಕೈಯಾರೆ ಒಡೆದು ಒಡಕು ಗಾಜಿನ ತೊಟ್ಟಿಗೆ ಹಾಕಬೇಕು. ಮೇಸ್ತ್ರಿಗಳು ಈ ವಿಷಯದಲ್ಲಿ ಮುಖ ನೋಡುವವರಲ್ಲ. ಸ್ವಂತ ತಮ್ಮನ ಹನ್ನೆರಡು ಸೀಸೆಗಳನ್ನು ಅವನಿಂದಲೇ ಒಡೆಸಿದ್ದರು. ಹಾಗಾಗಿ ಪ್ಯಾಕಿಂಗಮ್ಮ ಅಂಗಡಿಯ ಅಗ್ಗದ ಸೆಂಟನ್ನು ಗುಟ್ಟಾಗಿ ಕೊಂಡು ತಂದು ಹಚ್ಚಿಕೊಳ್ಳುತ್ತ, “ಮುಗಿದಾಗೆಲ್ಲ ಸೀಸೆಗೆ ತುಂಬಿಸ್ಕೋತೀನಿ” ಎಂದು ನಂಬಿಸಿದ್ದರು. ಗೆರೆಗಳ ಮಿನುಗಿನಲ್ಲಿ ಒಳಗೆಷ್ಟಿದೆ ಎಂಬುದು ಕಾಣುತ್ತಿರಲಿಲ್ಲವಾದ್ದರಿಂದ ಸಂಸಾರ ಸುಗಮವಾಗಿ ಸಾಗಿತ್ತು.

ನಿನ್ನೆಯ ತನಕ. ಕಾರ್ಖಾನೆಗೆ ನೂರು ವರ್ಷ ತುಂಬಿದ್ದಕ್ಕೆ ಹಳೆಯ ಕೆಲಸಗಳ ಪ್ರದರ್ಶನವಂತೆ. ನಾಳೆ ಮೇಸ್ತ್ರಿಗಳು ಈ ಸೀಸೆ ತಂದು ಎಲ್ಲರೆದುರು ಬಿರಡೆ ತೆಗೆದು ತೋರಿಸಬೇಕೆಂದು ಮ್ಯಾನೇಜರು ಹೇಳಿಕಳಿಸಿದ್ದರು. ಮೇಸ್ತ್ರಿಗಳು ಈಗ ಆ ಸಂಭ್ರಮಕ್ಕೇ ತಲೆಗೂದಲು ಕತ್ತರಿಸಿಕೊಳ್ಳಲು ಹೋಗಿದ್ದರು. ಪ್ಯಾಕಿಂಗಮ್ಮ ದಿಕ್ಕುಗಾಣದೆ ಸೊಸೆಯೆದುರು ಗುಟ್ಟು ಬಿಚ್ಚಿದ್ದರು.

ಮೊದಲ ದಂಡಯಾತ್ರೆ ಬಿಸಿನೀರಿನದು. ಕತ್ತಿಗೆ ಬಿಸಿಬಟ್ಟೆ ಸುತ್ತಿದರು. ಬೆರಳು ಸುಟ್ಟಿತು, ಬಿರಡೆ ಕದಲಲಿಲ್ಲ. ಎರಡನೆಯದು ಎಣ್ಣೆಯದು. ಒಂದು ಹನಿ ಬಿಡಹೋಗಿ ಅರ್ಧ ಬಟ್ಟಲು ಸುರಿಯಿತು. ಮೂರನೆಯದು ಪ್ಯಾಕಿಂಗ್ ವಿಭಾಗದ ಬ್ರಹ್ಮಾಸ್ತ್ರ: ಹುರಿದಾರ. ದಾರದ ಒಂದು ತುದಿಯನ್ನು ಕಿಟಕಿಯ ಪರದೆ ಕೋಲಿಗೆ ಕಟ್ಟಿ, ಸೀಸೆಯ ಕತ್ತಿಗೆ ಒಂದು ಸುತ್ತು ಹಾಕಿ, ಇನ್ನೊಂದು ತುದಿಯನ್ನು ಸೊಸೆಯ ಕೈಗೆ ಕೊಟ್ಟರು. ಉಜ್ಜಿ ಉಜ್ಜಿ ಕತ್ತು ಬಿಸಿಯಾದರೆ ಬಿರಡೆ ತಾನಾಗಿ ಕೈಗೆ ಬರುತ್ತದೆಂಬುದು ಲೆಕ್ಕ.

“ಎಳಿ.”

“ಎಳೀತಿದ್ದೀನಿ.”

“ಇದು ಎಳೆಯೋದಾ? ಹೂವಿಗೆ ನೋವಾಗುತ್ತೇನೋ ಅನ್ನೋ ಹಾಗೆ ಮುಟ್ತಿದ್ದೀಯ.”

“ಅತ್ತೆ, ಕೋಲು ಅಲ್ಲಾಡ್ತಿದೆ. ಬಿರಡೆ ಅಲ್ಲಾಡ್ತಿಲ್ಲ.”

“ಜೋರಾಗಿ ಅಂದೆ.”

ಸೊಸೆ ಜೋರಾಗಿ ಎಳೆದಳು. ಕೋಲು ಕಿತ್ತುಬಂತು. ಪರದೆ ಇಬ್ಬರ ತಲೆಯ ಮೇಲೆ ಬಿತ್ತು. ಎಣ್ಣೆಗೈಯಿಂದ ನುಣುಚಿದ ಸೀಸೆ ಗಾಳಿಯಲ್ಲೊಂದು ಲಾಗ ಹಾಕಿ, ಮುಚ್ಚಳ ತೆಗೆದಿದ್ದ ಹಿಟ್ಟಿನ ಡಬ್ಬಿಯೊಳಗೆ ಧುಮುಕಿತು. ಎದ್ದ ಬಿಳಿಮೋಡದಲ್ಲಿ ಅತ್ತೆ ಯಾರು, ಸೊಸೆ ಯಾರು ಎಂದು ಗುರುತು ಹತ್ತುವಂತಿರಲಿಲ್ಲ. ಮೋಡ ಕರಗುವಾಗ ಬಾಗಿಲಲ್ಲಿ ಒಪ್ಪವಾಗಿ ಕತ್ತರಿಸಿಕೊಂಡ ತಲೆ ಕಾಣಿಸಿತು.

“ಏನಿದು?” ಎಂದರು ಮೇಸ್ತ್ರಿಗಳು.

“ಸೀಸೆ ತೊಳೀತಿದ್ವಿ ಮಾವ,” ಎಂದಳು ಸೊಸೆ.

“ಹಿಟ್ಟಲ್ಲಾ?”

ಸೊಸೆ ಅತ್ತೆಯನ್ನು ನೋಡಿದಳು. ಪ್ಯಾಕಿಂಗಮ್ಮ ಡಬ್ಬಿಯಿಂದ ಸೀಸೆಯನ್ನೆತ್ತಿ ಗಂಡನ ಕೈಗಿಟ್ಟರು. ಅದಕ್ಕೆ ಏನೂ ಆಗಿರಲಿಲ್ಲ; ಗೆರೆಗಳ ತುಂಬ ಎಣ್ಣೆಹಿಟ್ಟು ಮೆತ್ತಿಕೊಂಡಿತ್ತು, ಅಷ್ಟೆ.

“ಇದು ತೆರೆಯಲ್ಲ ರೀ. ಯಾವತ್ತೂ ತೆರೆದಿಲ್ಲ.”

ಮೇಸ್ತ್ರಿಗಳು ನಕ್ಕರು. ಎರಡು ಬೆರಳಲ್ಲಿ ತಿರುಗಿಸಿ ನೋಡಿದರು. ಐದು ಬೆರಳಲ್ಲಿ ನೋಡಿದರು. ಅಂಗಿಯ ತುದಿಯಲ್ಲಿ ಒರೆಸಿ, ಬೆಳಕಿಗೆ ಹಿಡಿದು, ಬಿರಡೆ ಕೂತ ಜಾಗವನ್ನು ಬಹಳ ಹೊತ್ತು ನೋಡಿದರು. ಕಿವಿ ಕೆಂಪಾಯಿತು. ಗೋಡೆಯ ಮೊಳೆಗೆ ತೂಗುಹಾಕಿದ್ದ ಪುಟ್ಟ ಸುತ್ತಿಗೆಯನ್ನು ತೆಗೆದರು.

“ನಿಯಮ ಗೊತ್ತಲ್ಲ. ದೂರ ನಿಂತ್ಕೊ, ಚೂರು ಸಿಡಿಯುತ್ತೆ.”

ಪ್ಯಾಕಿಂಗಮ್ಮ ಸೀಸೆಯನ್ನು ಕಸಿದು ಎದೆಗವಚಿಕೊಂಡರು.

“ಕೊಡೇ.”

“ಕೊಡಲ್ಲ. ಸಾಣೆಯವರ ಅಧಿಕಾರ ಪ್ಯಾಕಿಂಗ್ ಬಾಗಿಲ ತನಕ. ಒಳಗೆ ಬಂದ ಮೇಲೆ ಮಾಲು ನಮ್ಮದು. ಇದನ್ನ ನಾನು ಪಾಸ್ ಮಾಡಿದ್ದೀನಿ.”

“ತೆರೆದು ನೋಡದೇನಾ?”

“ಪ್ಯಾಕಿಂಗ್‌ನಲ್ಲಿ ಯಾರು ತೆರೆದು ನೋಡ್ತಾರೆ?”

“ಯಾವಾಗ ಪಾಸ್ ಮಾಡಿದ್ದು?”

“ದಿನಾ ಮಾಡ್ತೀನಿ. ಬೆಳಗ್ಗೆ ಎದ್ದು ಒಂದ್ಸಲ ನೋಡ್ಕೊಂಡು.”

ಮೇಸ್ತ್ರಿಗಳು ಸುತ್ತಿಗೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಹೊಸ ಕ್ಷೌರದ ತಲೆಯನ್ನೊಮ್ಮೆ ಸವರಿಕೊಂಡರು.

“ಆಯ್ತು. ಮ್ಯಾನೇಜರಿಗೆ ಹೇಳ್ತೀನಿ, ಪ್ಯಾಕಿಂಗ್‌ನವರು ಮಾಲು ಬಿಡ್ತಿಲ್ಲ ಅಂತ.”

ಗೆದ್ದ ಮೇಲೆ ಪ್ಯಾಕಿಂಗಮ್ಮನಿಗೆ ಉಳಿದದ್ದನ್ನೂ ಇಳಿಸಿಬಿಡೋಣ ಎನ್ನಿಸಿತು.

“ಇನ್ನೊಂದಿದೆ. ನೀವು ಹೊಗಳ್ತಿದ್ರಲ್ಲ, ಆ ವಾಸನೆ ಅಂಗಡೀದು.”

ಮೇಸ್ತ್ರಿಗಳು ಬೋಳಾದ ಕಿಟಕಿಯತ್ತ ತಿರುಗಿದರು.

“ಯಾವ ವಾಸನೆಯೋ ನಂಗೇನು ಗೊತ್ತೇ? ಸಾಣೆ ಧೂಳು ಕುಡಿದೂ ಕುಡಿದೂ ಮೂಗು ಸತ್ತು ಇಪ್ಪತ್ತೈದು ವರ್ಷ ಆಯ್ತು.”

“ಮತ್ತೆ ಘಮ್ ಅಂತಿದೆ, ಘಮ್ ಅಂತಿದೆ ಅಂತಿದ್ರಿ?”

“ಹೊರಗೆ ಹೊರಡೋವಾಗ ನೀನು ನನ್ನೆದುರು ಬಂದು ಸುಮ್ಮನೆ ಒಂದು ಗಳಿಗೆ ನಿಂತ್ಕೋತಿದ್ದೆ. ನೀನು ನಿಂತಾಗೆಲ್ಲ ನಾನು ಹೇಳ್ತಿದ್ದೆ.”

ಇಪ್ಪತ್ತೈದು ವರ್ಷ ಗುಟ್ಟಾಗಿ ಕೊಂಡು ತಂದ ಅಂಗಡಿ ಸೀಸೆಗಳೆಲ್ಲ ಸಾಲಾಗಿ ಪ್ಯಾಕಿಂಗಮ್ಮನ ಕಣ್ಣೆದುರು ನಿಂತವು. ಸೊಸೆ ಗೋಡೆಗೆ ಮುಖ ತಿರುಗಿಸಿದ್ದಳು, ಹೆಗಲು ಕುಲುಕುತ್ತಿತ್ತು. ಮೈತುಂಬ ಹಿಟ್ಟು, ಮೊಣಕೈ ತನಕ ಎಣ್ಣೆ. ಪ್ಯಾಕಿಂಗಮ್ಮ ಗಂಡನೆದುರು ಸುಮ್ಮನೆ ನಿಂತರು.

ಮೇಸ್ತ್ರಿಗಳು ಒಂದು ಗಳಿಗೆ ನೋಡಿದರು. “ಘಮ್ ಅಂತಿದೆ,” ಎಂದರು.

“ಸೊಸೆ ಎದುರಿಗೆ ನಾಚಿಕೆ ಬೇಡ್ವಾ ನಿಮಗೆ? ಇರಿ, ಮುಖ ತೊಳ್ಕೊಂಡು ಬರ್ತೀನಿ, ಆಮೇಲೆ ಆ ಮೂಗಿನ ವಿಚಾರ…” ಎನ್ನುತ್ತ, ಸೀಸೆಯನ್ನು ಎದೆಗವಚಿಕೊಂಡೇ, ಪ್ಯಾಕಿಂಗಮ್ಮ ಬಚ್ಚಲಮನೆಯತ್ತ ನಡೆದೇಬಿಟ್ಟರು.